ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಶೇಂಗಾ: ಗೊಬ್ಬರ ಮತ್ತು ಬಿತ್ತನೆ ಅಂತರ

ಚಿತ್ರದುರ್ಗ, ತುಮಕೂರು, ಬಳ್ಳಾರಿ ಜಿಲ್ಲೆಗಳ ಮಳೆಯಾಶ್ರಿತ ಕೆಂಪು ಭೂಮಿಯಲ್ಲಿ ಶೇಂಗಾ ಪ್ರಮುಖ ಎಣ್ಣೆಕಾಳು ಬೆಳೆ. ಮರಳು ಮಿಶ್ರಿತ ಸಡಿಲ ಮಣ್ಣಿನಲ್ಲಿ ಕಾಯಿ ಸುಲಭವಾಗಿ ಬಲಿಯುತ್ತದೆ, ಕೀಳುವುದೂ ಸುಲಭ. ಆದರೆ ಇಂತಹ ಮಣ್ಣಿನಿಂದ ನೀರಿನೊಡನೆ ಪೋಷಕಾಂಶಗಳೂ ಬೇಗ ಬಸಿದುಹೋಗುತ್ತವೆ. ಗಿಡ ಹುಲುಸಾಗಿದ್ದರೂ ಕಿತ್ತಾಗ ಜೊಳ್ಳು ಕಾಯಿಗಳೇ ಹೆಚ್ಚಾಗಿ ಕಂಡುಬಂದರೆ ಮೊದಲು ಸಂದೇಹಿಸಬೇಕಾದುದು ಕ್ಯಾಲ್ಸಿಯಂ ಕೊರತೆಯನ್ನು.

ಬೇರು ಹೀರಿದ ಕ್ಯಾಲ್ಸಿಯಂ ಎಲೆಗಳಿಗೆ ಏರುತ್ತದೆಯೇ ಹೊರತು ಅಲ್ಲಿಂದ ಕಾಯಿಗೆ ಇಳಿದು ಬರುವುದಿಲ್ಲ. ಬೆಳೆಯುವ ಕಾಯಿಯು ತನ್ನ ಸುತ್ತಲಿನ ಮಣ್ಣಿನಿಂದಲೇ ಅದನ್ನು ನೇರವಾಗಿ ಪಡೆಯಬೇಕು. ಆದ್ದರಿಂದ ಬಿತ್ತಿದ 30-35 ದಿನಗಳಲ್ಲಿ, ಮಣ್ಣಿನಲ್ಲಿ ತೇವಾಂಶವಿರುವಾಗ, ಎಕರೆಗೆ 200 ಕಿ.ಗ್ರಾಂ ಜಿಪ್ಸಂ ಅನ್ನು ಗಿಡದ ಬುಡದ ಪಕ್ಕದಲ್ಲಿ ಹಾಕಿ ಮಣ್ಣು ಏರಿಸಿರಿ. ಜಿಪ್ಸಂನಿಂದ ದೊರೆಯುವ ಗಂಧಕವು ಬೀಜದ ಎಣ್ಣೆಯ ಅಂಶಕ್ಕೂ ಪೂರಕ. 45 ದಿನಗಳ ನಂತರ ಎಡೆಕುಂಟೆ ಹೊಡೆಯಬಾರದು. ಮಣ್ಣಿಗಿಳಿದ ಕಾಯಿತೊಟ್ಟುಗಳು ಕಿತ್ತುಬರುತ್ತವೆ.

ಮಳೆಯಾಶ್ರಿತ ಬೆಳೆಗೆ ಎಕರೆಗೆ 10 ಕಿ.ಗ್ರಾಂ ಸಾರಜನಕ, 20 ಕಿ.ಗ್ರಾಂ ರಂಜಕ ಮತ್ತು 10 ಕಿ.ಗ್ರಾಂ ಪೊಟ್ಯಾಷ್ ಸಾಕು. ಇದು ಸುಮಾರು 22 ಕಿ.ಗ್ರಾಂ ಯೂರಿಯಾ, 125 ಕಿ.ಗ್ರಾಂ ಸೂಪರ್ ಫಾಸ್ಫೇಟ್, 17 ಕಿ.ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ಗೆ ಸಮ. ಹೊರುವ ಶ್ರಮ ಕಡಿಮೆಯೆಂದು ರೈತರು ಡಿಎಪಿಯನ್ನೇ ಆರಿಸುವುದುಂಟು. ರಂಜಕ ಅದರಿಂದಲೂ ಸಿಗುತ್ತದೆ, ಆದರೆ ಸೂಪರ್ ಫಾಸ್ಫೇಟ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಗಂಧಕ ಅದರಲ್ಲಿಲ್ಲ. ಶಿಫಾರಸಿಗಿಂತ ಹೆಚ್ಚು ಪೊಟ್ಯಾಷ್ ಹಾಕುವುದೂ ಹಾನಿಕರ: ಕಾಯಿ ಬಲಿಯುವ ವಲಯದಲ್ಲಿ ಅದು ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುತ್ತದೆ.

ಇನ್ನು ಅಂತರ. ಗೊಂಚಲು ತಳಿಗಳಿಗೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇರಲಿ. ಎಕರೆಗೆ ಸುಮಾರು 1.33 ಲಕ್ಷ ಗಿಡಗಳಾಗುತ್ತವೆ. ನೂರು ಬೀಜಗಳು 35 ಗ್ರಾಂ ತೂಗಿದರೆ ಇದಕ್ಕೆ ಸುಮಾರು 47 ಕಿ.ಗ್ರಾಂ ಬಿತ್ತನೆ ಬೀಜ ಬೇಕು. ಮೊಳಕೆ ಪ್ರಮಾಣ ಕಡಿಮೆಯಿದ್ದರೆ ಇನ್ನಷ್ಟು. ಬೀಜ ದುಬಾರಿಯೆಂದು ವಿರಳವಾಗಿ ಬಿತ್ತುವುದು ನಷ್ಟದ ಉಳಿತಾಯ. ಸಾರ ಕಡಿಮೆಯಿರುವ ಮಣ್ಣಿನಲ್ಲಿ ಗಿಡಗಳು ಹರಡಿ ತೆರಪನ್ನು ತುಂಬಲಾರವು. ಬರಿದಾದ ನೆಲದಲ್ಲಿ ಕಳೆ ಹೆಚ್ಚುತ್ತದೆ, ಥ್ರಿಪ್ಸ್ ನುಸಿಯಿಂದ ಹರಡುವ ಮೊಗ್ಗು ಕೊಳೆ ರೋಗವೂ ವಿರಳ ಬೆಳೆಯಲ್ಲಿ ಅಧಿಕ. ಹಬ್ಬುವ ತಳಿಗಳಿಗೆ ಮಾತ್ರ ಗಿಡಗಳ ನಡುವೆ 15 ಸೆಂ.ಮೀ. ಬಿಡಬಹುದು.

ಬಿತ್ತಿದ 10-12 ದಿನಗಳಲ್ಲಿ ಹೊಲದ ನಾಲ್ಕೈದು ಕಡೆ ಒಂದು ಮೀಟರ್ ಸಾಲಿನ ಸಸಿಗಳನ್ನು ಎಣಿಸಿರಿ. ಹತ್ತಕ್ಕೆ ಬದಲು ಆರೇಳು ಮಾತ್ರ ಇದ್ದರೆ, ತೇವ ಆರುವ ಮುನ್ನ ಅದೇ ತಳಿಯ ಬೀಜವನ್ನು ಊರಿ ತೆರಪು ತುಂಬಿರಿ.