ಎರಡಾಣೆಯ ಠೇವಣಿ

ದಿನದ ದುಡಿಮೆಯಿಂದ ಪುಡಿಗಾಸು ತೆಗೆದು ಬ್ಯಾಂಕಿಗೆ ಕಟ್ಟುವ ಪಿಗ್ಮಿ ಠೇವಣಿ 1928ರಲ್ಲಿ ಉಡುಪಿಯಲ್ಲಿ ಆರಂಭವಾಯಿತು. ಅದನ್ನು ಜಾರಿಗೆ ತಂದದ್ದು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಣ್ಣ ಸಂಸ್ಥೆ. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದೊಂದಿಗೆ ಇದನ್ನು ಕಟ್ಟಿದ್ದರು.

ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಬ್ಯಾಂಕು ಹೊಸದಾಗಿರಲಿಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಷ್ಟು ಹಳೆಯವು. ಸಿಂಡಿಕೇಟಿನ ಕಣ್ಣು ಮಾತ್ರ ಕೈಮಗ್ಗದ ಮೇಲಿತ್ತು. ಆಗ ನೇಕಾರಿಕೆ ಬಿಕ್ಕಟ್ಟಿನಲ್ಲಿತ್ತು. ಆ ಕಸುಬಿನವರಿಗೆ ಹಣದ ಆಸರೆ ಒದಗಿಸುವುದೇ ಸಂಸ್ಥೆಯ ಮೊದಲ ಉದ್ದೇಶವಾಗಿತ್ತು. ಅಡವಿಡಲು ಜಮೀನೂ ಚಿನ್ನವೂ ಇಲ್ಲದವನಿಗೆ ಸಾಲ ಹುಟ್ಟುವುದು ಕಷ್ಟ. ಹುಟ್ಟಿದರೂ ಬಡ್ಡಿ ದುಬಾರಿ.

ಆದರೆ ಸಾಲ ಕೊಟ್ಟ ಮಾತ್ರಕ್ಕೆ ಬಡವನ ತೊಂದರೆ ಮುಗಿಯುವುದಿಲ್ಲ. ದಿನಗೂಲಿಯವನ, ಸಣ್ಣ ಅಂಗಡಿಯವನ ಕೈಗೆ ಹಣ ಸಂಜೆ ಬರುತ್ತದೆ, ಮರುದಿನದ ಹೊತ್ತಿಗೆ ಖರ್ಚಾಗಿರುತ್ತದೆ. ಉಳಿಸುವ ಆಸೆಯಿದ್ದರೂ ಎರಡಾಣೆ ಕಟ್ಟಲೆಂದು ಕೆಲಸ ಬಿಟ್ಟು ಬ್ಯಾಂಕಿಗೆ ನಡೆದರೆ ಆ ದಿನದ ಸಂಪಾದನೆಗೇ ಪೆಟ್ಟು. ಪಿಗ್ಮಿ ಈ ಗಂಟನ್ನು ನೇರವಾಗಿ ಬಿಡಿಸಿತು: ಬ್ಯಾಂಕಿನ ಏಜೆಂಟನೇ ಮನೆ ಬಾಗಿಲಿಗೆ, ಅಂಗಡಿಯ ಮುಂದಕ್ಕೆ ಬಂದು ಹಣ ಪಡೆದು, ಬರೆದುಕೊಂಡು ಹೋಗತೊಡಗಿದ. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವೂ ಸಲ್ಲುತ್ತಿತ್ತು. ರೂಪಾಯಿಗೆ ಹದಿನಾರಾಣೆಯ ಆ ಕಾಲದಲ್ಲಿ, ಒಂದು ದಿನವೂ ತಪ್ಪಿಸದೆ ಎರಡಾಣೆ ಕಟ್ಟಿದವನಿಗೆ ವರ್ಷಕ್ಕೆ 45 ರೂಪಾಯಿ 10 ಆಣೆ ಕೂಡುತ್ತಿತ್ತು. ಕಂತು ಕಂತಾಗಿ ಸೋರಿಹೋಗುತ್ತಿದ್ದ ದುಡ್ಡು ಹೀಗೆ ಮದುವೆಗೋ ಕಾಯಿಲೆಗೋ ಒದಗುವ ಇಡಿಗಂಟಾಯಿತು.

ಇದನ್ನು ದಾನಧರ್ಮವೆಂದು ಬಗೆದರೆ ಪಿಗ್ಮಿ ಅರ್ಥವಾಗುವುದಿಲ್ಲ. ಮನೆಮನೆ ಸುತ್ತುವವನಿಗೆ ಕಮಿಷನ್ ಕೊಡಬೇಕು, ಪುಡಿ ಖಾತೆಗಳ ಲೆಕ್ಕ ಬರೆಯಬೇಕು, ಖರ್ಚು ಕಡಿಮೆಯದಲ್ಲ. ಆದರೆ ಅಲ್ಪ ಬಂಡವಾಳದ ಬ್ಯಾಂಕಿಗೆ ಬೇಕಾದದ್ದು ದಿನವೂ ಒಳಗೆ ಹರಿಯುವ ಹಣ. ಬೇರೆ ಬ್ಯಾಂಕುಗಳು ಲೆಕ್ಕಕ್ಕೇ ಹಿಡಿಯದ ಜನರಿಂದ ಅದು ಸಿಕ್ಕಿತು, ಮುಂದೆ ಸಾಲವಾಗಿ ದುಡಿಯಿತು. ದಿನವೂ ಮುಖ ನೋಡುವ ಏಜೆಂಟನಿಗೆ ಯಾರ ವ್ಯಾಪಾರ ಹೇಗೆ ನಡೆದಿದೆ, ಯಾರ ಕೈ ಬಿಗಿಯಾಗಿದೆ ಎಂಬುದು ತಿಳಿಯುತ್ತಿತ್ತು. ಸಾಲ ಕೊಡುವ ಸಂಸ್ಥೆಗೆ ಇದಕ್ಕಿಂತ ಬೆಲೆಬಾಳುವ ತಿಳಿವಳಿಕೆ ಇನ್ನೊಂದಿಲ್ಲ. ಗ್ರಾಹಕನ ಅಡಚಣೆಯೂ ಬ್ಯಾಂಕಿನ ಅಡಚಣೆಯೂ ಒಂದೇ ಏರ್ಪಾಟಿನಲ್ಲಿ ನೀಗಿದ್ದರಿಂದಲೇ ಪಿಗ್ಮಿ ಬಾಳಿತು.

1928ರಲ್ಲೇ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆಯಿತು. 1960ರ ದಶಕದಲ್ಲಿ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ತಳೆದು, ಕೇಂದ್ರ ಕಚೇರಿಯನ್ನು ಮಣಿಪಾಲಕ್ಕೆ ಒಯ್ದಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಇದೂ ಒಂದು. ಅಷ್ಟರಲ್ಲಿ ಪಿಗ್ಮಿ ಎಂಬುದು ಒಂದು ಬ್ಯಾಂಕಿನ ಯೋಜನೆಯಾಗಿ ಉಳಿದಿರಲಿಲ್ಲ. ಕರಾವಳಿಯ ಆಡುಮಾತಿನಲ್ಲಿ ದೈನಿಕ ಉಳಿತಾಯಕ್ಕೆ ಅದೇ ಹೆಸರು ನಿಂತಿತ್ತು.

ಈ ಪದ್ಧತಿಯ ಭಾರ ಹೊತ್ತವರು ಬಿಸಿಲು ಮಳೆಯೆನ್ನದೆ ತಿರುಗಿದ ಏಜೆಂಟರು. ಅವರಿಗೆ ಕಮಿಷನ್ ಇತ್ತು, ಬ್ಯಾಂಕಿನ ನೌಕರನ ಸ್ಥಾನವಿರಲಿಲ್ಲ. ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಠೇವಣಿ ಸಂಗ್ರಾಹಕರೂ ಕಾನೂನಿನ ಪ್ರಕಾರ ಕಾರ್ಮಿಕರೇ ಎಂದು 2001ರಲ್ಲಿ ತೀರ್ಪು ಬಂತು, ಆದರೆ ಕಾಯಂ ನೌಕರರ ಸಮಾನ ಸ್ಥಾನ ದೊರೆಯಲಿಲ್ಲ. ಬ್ಯಾಂಕು ಬೆಳೆದಷ್ಟು ಅದನ್ನು ಬೆಳೆಸಿದ ಕೈಗಳ ಪಾಲು ಬೆಳೆಯಲಿಲ್ಲವೆಂಬುದು ಪಿಗ್ಮಿಯ ಚರಿತ್ರೆಯಲ್ಲಿ ಉಳಿದ ಕೊರತೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಸಂಗ್ರಹ ಕರ್ನಾಟಕದ ಅನೇಕ ಸಹಕಾರ ಸಂಘಗಳಲ್ಲಿ, ಸೌಹಾರ್ದ ಸಹಕಾರಿಗಳಲ್ಲಿ ಈಗಲೂ ನಡೆಯುತ್ತಿದೆ.