ಗುಟ್ಟಿನ ರಾಗಗಳಿಗೆ ಬಾನುಲಿಯ ಬಾಗಿಲು

ಹಿಂದೂಸ್ತಾನಿ ಸಂಗೀತ ಕೇಳುವವರಿಗೆ ಮಾಲಕಂಸ್ ರಾಗ ಹೊಸದಲ್ಲ. ರಿಷಭ, ಪಂಚಮಗಳನ್ನು ಬಿಟ್ಟು ಐದೇ ಸ್ವರಗಳಲ್ಲಿ ನಡೆಯುವ ರಾಗವದು. ಅದಕ್ಕೇ ಏಳೂ ಸ್ವರಗಳನ್ನು ತುಂಬಿದ 'ಸಂಪೂರ್ಣ ಮಾಲಕಂಸ್' ಎಂಬ ಇನ್ನೊಂದು ರೂಪವೂ ಇದೆ. ಆದರೆ ಅದನ್ನು ಬಲ್ಲವರು ಕಡಿಮೆ. ಬಿಹಾಗಡಾ ರಾಗದಲ್ಲಿ ಸಾಮಾನ್ಯವಾಗಿ ಎರಡು ನಿಷಾದಗಳು ಬರುತ್ತವೆ. ಒಂದನ್ನೇ ಇಟ್ಟುಕೊಂಡರೆ 'ಏಕ್ ನಿಷಾದ್ ಬಿಹಾಗಡಾ'. ಇಂಥ ಹೆಸರುಗಳು ಊರಿನ ಸಾಮಾನ್ಯ ಕೇಳುಗನ ಕಿವಿಗೂ ಬೀಳುವಂತೆ ಮಾಡಿದ್ದರಲ್ಲಿ ರೇಡಿಯೊದ ಪಾಲು ದೊಡ್ಡದು.

ಇವು ಅಪರೂಪವಾದದ್ದು ರುಚಿಯಿಲ್ಲದ್ದರಿಂದಲ್ಲ. ಇವು ಘರಾಣೆಗಳ ಆಸ್ತಿಯಾಗಿದ್ದವು. ಹೊಲಮನೆಯಂತೆ ರಾಗವೂ ತಂದೆಯಿಂದ ಮಗನಿಗೆ, ಗುರುವಿನಿಂದ ನೆಚ್ಚಿನ ಶಿಷ್ಯನಿಗೆ ಹೋಗುತ್ತಿತ್ತು. ಹೊರಗಿನವರು ಕದ್ದಾರೆಂದು ರಾಗದ ಹೆಸರನ್ನೇ ಹೇಳದೆ ಹಾಡುವವರೂ ಇದ್ದರು. ಜೈಪುರ-ಅತ್ರೌಳಿ ಘರಾಣೆಯ ಉಸ್ತಾದ್ ಅಲ್ಲಾದಿಯಾ ಖಾನರು (1855–1946) ಕೊಲ್ಲಾಪುರದ ಆಸ್ಥಾನದಲ್ಲಿದ್ದಾಗ ಅವರ ಬಳಿ ಇಂಥ ರಾಗಗಳ ದೊಡ್ಡ ಭಂಡಾರವೇ ಇತ್ತು. ಅದರಲ್ಲಿ ಒಂದು ಪಾಲು ಧಾರವಾಡಕ್ಕೆ ಬಂದದ್ದು ಮಲ್ಲಿಕಾರ್ಜುನ ಮನಸೂರರ ಮೂಲಕ. ಅವರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತರು. ಬಳಿಕ ಖಾನರ ಮಗ ಮಂಜೀಖಾನರಲ್ಲಿ, 1937ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಭೂರ್ಜೀಖಾನರಲ್ಲಿ ಶಿಷ್ಯತ್ವ ಮಾಡಿದರು.

ಗ್ರಾಮಫೋನ್ ಆಗಲೇ ಬಂದಿತ್ತಲ್ಲ ಎನ್ನಬಹುದು. ನಿಜ. ಆದರೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಪರಿಚಿತ ರಾಗಕ್ಕೆ ಅಷ್ಟು ಸಾಕು. ಕೇಳದ ರಾಗವೊಂದು ಕಿವಿಯಲ್ಲಿ ಕೂರಬೇಕಾದರೆ ಆಲಾಪದ ಬಿಡುವು ಬೇಕು. ರೇಡಿಯೊ ಆ ಬಿಡುವನ್ನು ಕೊಟ್ಟಿತು.

ಕನ್ನಡನಾಡಿನಲ್ಲಿ ಬಾನುಲಿಯ ಕಥೆ ಮೈಸೂರಿನಲ್ಲಿ, ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಆಸಕ್ತಿಯಿಂದ ನಡೆಸಿದ ನಿಲಯದಿಂದ ಶುರುವಾಗುತ್ತದೆ. ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿಯಲ್ಲಿ. ಮನಸೂರರು ಮುಂದೆ ಅದರ ಸಂಗೀತ ಸಲಹೆಗಾರರೂ ಆದರು. 1952ರಲ್ಲಿ ದೆಹಲಿಯಿಂದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು: ಶನಿವಾರ ರಾತ್ರಿ, ಒಬ್ಬ ಕಲಾವಿದರಿಗೆ ಒಂದೂವರೆ ಗಂಟೆಯಷ್ಟು ಕಾಲ. 1954ರಲ್ಲಿ ರೇಡಿಯೊ ಸಂಗೀತ ಸಮ್ಮೇಳನ ಬಂತು. ಆಗಿನ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ದೂರವಿಟ್ಟು ಶಾಸ್ತ್ರೀಯ ಸಂಗೀತಕ್ಕೆ ಜಾಗ ಮಾಡಿದರು. ಜನ ಮುನಿದು ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. ಕೇಸ್ಕರರ ಹಟದಲ್ಲಿ ಮಡಿವಂತಿಕೆ ಇತ್ತು, ಅನುಮಾನವಿಲ್ಲ. ಆದರೆ ಸಿಲೋನಿಗೆ ಹೋಗದೆ ಉಳಿದವರಿಗೆ ದಕ್ಕಿದ್ದು ಕಡಿಮೆಯಲ್ಲ.

ಇನ್ನೊಂದು ಸಣ್ಣ ಸಂಗತಿ. ರೇಡಿಯೊದಲ್ಲಿ ಹಾಡಿಗೆ ಮುಂಚೆ ಉದ್ಘೋಷಕರು ಕಲಾವಿದರ ಜೊತೆ ರಾಗದ ಹೆಸರನ್ನೂ ಹೇಳುತ್ತಿದ್ದರು. ಬರೀ ರಿವಾಜು ಅನ್ನಿಸಬಹುದು. ಆದರೆ ಗುಟ್ಟಾಗಿದ್ದದ್ದು ಆ ಒಂದು ವಾಕ್ಯದಲ್ಲಿ ಬಯಲಾಗುತ್ತಿತ್ತು. ಶಿವಮತ್ ಭೈರವ್, ಲಚ್ಛಾಸಾಖ್, ಬಿಹಾರಿ, ಖಟ್: ಹೆಸರು ಗೊತ್ತಾದ ಮೇಲೆ ಕೇಳುಗ ಅದನ್ನು ಬರೆದಿಟ್ಟುಕೊಳ್ಳಬಹುದು, ಇನ್ನೊಬ್ಬರ ದನಿಯಲ್ಲಿ ಹುಡುಕಬಹುದು, ಎರಡನ್ನು ಹೋಲಿಸಬಹುದು. ಗುರುವಿನ ಮನೆಯ ಹೊಸ್ತಿಲು ತುಳಿಯದವನಿಗೂ ಇದು ಸಾಧ್ಯವಾಯಿತು. ಮನಸೂರರಿಗೆ ದೇಶಮಟ್ಟದ ಹೆಸರು ಬಂದದ್ದು ತಡವಾಗಿ, ಇಳಿವಯಸ್ಸಿನಲ್ಲಿ; ಪದ್ಮವಿಭೂಷಣ ಬಂದದ್ದು ಅವರು ತೀರಿಕೊಂಡ 1992ರಲ್ಲೇ.

ಗಾಳಿಯಲ್ಲಿ ಬಂದದ್ದೆಲ್ಲ ಉಳಿಯಲಿಲ್ಲ. ನೇರವಾಗಿ ಹಾಡಿದ್ದು ಹಾಡಿದ ಗಳಿಗೆಗೇ ಮುಗಿಯುತ್ತಿತ್ತು. ಟೇಪು ದುಬಾರಿಯಾದ್ದರಿಂದ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವ ಪದ್ಧತಿಯೂ ಇತ್ತು. ಆಕಾಶವಾಣಿ ತನ್ನ ಭಂಡಾರದಿಂದ ಕೆಲವನ್ನು ಹೊರತಂದಿದೆ. ಇನ್ನಷ್ಟು ಉಳಿದಿರುವುದು ರೇಡಿಯೊ ಎದುರು ಟೇಪ್ ರೆಕಾರ್ಡರ್ ಇಟ್ಟು ಕೂತ ಕೇಳುಗರ ಕ್ಯಾಸೆಟ್ಟುಗಳಲ್ಲಿ. ಅವುಗಳಲ್ಲಿ ತಂಬೂರಿಯ ಜೊತೆಗೆ ಕರಕರ ಸದ್ದೂ ಇರುತ್ತದೆ, ರಾಗದ ಹೆಸರು ಹೇಳುವ ಉದ್ಘೋಷಕರ ದನಿಯೂ ಇರುತ್ತದೆ.