ಸಮೂಹ ಮಾಧ್ಯಮಗಳು ಮತ್ತು ಸಾರ್ವಜನಿಕ ಪ್ರಕಟಣೆ: ಡಿಜಿಟಲ್ ತಂತ್ರಜ್ಞಾನದಿಂದಾದ ಬದಲಾವಣೆಗಳ ಪರಿಚಯ

ಪೀಠಿಕೆ

ಒಂದೇ ಮೂಲದಿಂದ ಹೊರಡುವ ಸಂದೇಶವನ್ನು, ಪರಸ್ಪರ ಪರಿಚಯವಿಲ್ಲದ ಹಾಗೂ ಬೇರೆ ಬೇರೆ ಸ್ಥಳಗಳಲ್ಲಿ ನೆಲೆಸಿರುವ ಬಹುಸಂಖ್ಯೆಯ ಜನರಿಗೆ ತಲುಪಿಸುವ ಸಾಧನಗಳನ್ನು ಸಮೂಹ ಮಾಧ್ಯಮಗಳೆಂದು ಕರೆಯಲಾಗುತ್ತದೆ. ದಿನಪತ್ರಿಕೆ, ನಿಯತಕಾಲಿಕ, ಆಕಾಶವಾಣಿ, ದೂರದರ್ಶನ, ಚಲನಚಿತ್ರ ಹಾಗೂ ಅಂತರಜಾಲ ಇವುಗಳಲ್ಲಿ ಮುಖ್ಯವಾದವು. ಸುದ್ದಿ, ಶಿಕ್ಷಣ ಮತ್ತು ಮನರಂಜನೆ ಇವುಗಳ ಕಾರ್ಯಗಳೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಸರ್ಕಾರಿ ಕಚೇರಿಗೆ ಅರ್ಜಿ ಸಲ್ಲಿಸುವ ನಾಗರಿಕರಿಗೆ ಸಂಬಂಧಿಸಿದ ನಾಲ್ಕನೆಯ ಕಾರ್ಯವೊಂದಿದೆ. ಅದೆಂದರೆ ಕಾನೂನಿನ ಪ್ರಕಾರ ಸಾರ್ವಜನಿಕರಿಗೆ ತಿಳಿಸಲೇಬೇಕಾದ ವಿಷಯವನ್ನು ಪ್ರಕಟಿಸುವುದು. ಅಧಿಸೂಚನೆಯೊಂದು ಯಾವ ದಿನ, ಎಲ್ಲಿ ಪ್ರಕಟವಾಯಿತು ಎಂಬುದರ ಮೇಲೆ ಆಕ್ಷೇಪಣೆಯ ಅವಧಿ ಮತ್ತು ಜಮೀನಿನ ಮೇಲಿನ ಹಕ್ಕು ನಿರ್ಧಾರವಾಗುವುದುಂಟು. ಆದುದರಿಂದ ಡಿಜಿಟಲ್ ತಂತ್ರಜ್ಞಾನವು ಮಾಧ್ಯಮಗಳನ್ನು ಹೇಗೆ ಬದಲಿಸಿತು ಎಂಬುದನ್ನು ಈ ಲೇಖನದಲ್ಲಿ ಪ್ರಕಟಣೆಯ ದೃಷ್ಟಿಯಿಂದ ವಿವರಿಸಲಾಗಿದೆ.

ಡಂಗುರದಿಂದ ಅಚ್ಚಿನವರೆಗೆ

ಮುದ್ರಣಕ್ಕಿಂತ ಮೊದಲು ಸರ್ಕಾರದ ಆಜ್ಞೆಯನ್ನು ಡಂಗುರ ಸಾರಿ ತಿಳಿಸಲಾಗುತ್ತಿತ್ತು. ಈ ಪದ್ಧತಿ ಕೇವಲ ಇತಿಹಾಸದ ಸಂಗತಿಯಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮದಲ್ಲಿ, ಸ್ಥಿರ ಸ್ವತ್ತಿನ ಜಪ್ತಿಯ ಆದೇಶವನ್ನು ಸ್ವತ್ತಿನ ಬಳಿಯಲ್ಲಿ ಡಂಗುರ ಹೊಡೆಸಿ ಅಥವಾ ರೂಢಿಯಲ್ಲಿರುವ ಬೇರೆ ವಿಧಾನದಿಂದ ಸಾರತಕ್ಕದ್ದೆಂದು ಹೇಳಲಾಗಿದೆ.

ಕನ್ನಡದ ಮೊದಲ ಪತ್ರಿಕೆಯೆಂದು ಪರಿಗಣಿಸಲಾಗಿರುವ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ, ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಬಂದಿತು. ರಾಜ್ಯದಲ್ಲಿ ಜುಲೈ 1ನ್ನು ಪತ್ರಿಕಾ ದಿನವನ್ನಾಗಿ ಆಚರಿಸುವುದು ಈ ಕಾರಣದಿಂದಲೇ. ಈ ಪಾಕ್ಷಿಕ ಪತ್ರಿಕೆಯಲ್ಲಿ ಊರಿನ ವರ್ತಮಾನ ಮತ್ತು ಕಥೆಗಳ ಜೊತೆಗೆ ಸರ್ಕಾರದ ಕಾನೂನು ಹಾಗೂ ನಿರೂಪಗಳಿಗೂ ಸ್ಥಾನವಿತ್ತು. ಮರುವರ್ಷ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ಪಡೆಯಿತು. ಸರ್ಕಾರದ ನಿರೂಪವನ್ನು ಜನರಿಗೆ ಅವರ ಭಾಷೆಯಲ್ಲಿ ತಿಳಿಸುವ ಕೆಲಸ ಕನ್ನಡ ಪತ್ರಿಕೆಯ ಹುಟ್ಟಿನೊಂದಿಗೇ ಆರಂಭವಾಯಿತೆಂಬುದು ಗಮನಾರ್ಹ.

ಆಕಾಶವಾಣಿಯ ಇತಿಹಾಸದಲ್ಲಿಯೂ ಮೈಸೂರಿಗೆ ವಿಶೇಷ ಸ್ಥಾನವಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಖಾಸಗಿ ಪ್ರಸಾರ ಕೇಂದ್ರವೊಂದನ್ನು ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿ ಸಂಸ್ಥೆಯ ಹೆಸರಾಯಿತು. ಧಾರವಾಡ ಕೇಂದ್ರ 1950ರಲ್ಲಿಯೂ, ಬೆಂಗಳೂರು ಕೇಂದ್ರ 1955ರಲ್ಲಿಯೂ ಪ್ರಾರಂಭವಾದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಓದು ಬರಹ ಬಾರದವರಿಗೂ ಸುದ್ದಿ ತಲುಪಿಸಿದ ಹಿರಿಮೆ ಬಾನುಲಿಯದು. ಆದರೆ ಕೇಳಿದ ಮಾತನ್ನು ಮತ್ತೊಮ್ಮೆ ತೆಗೆದು ನೋಡುವ ಅವಕಾಶ ಅದರಲ್ಲಿ ಇರಲಿಲ್ಲ. ಕಡತಕ್ಕೆ ಸೇರಬೇಕಾದ ವಿಷಯಗಳಿಗೆ ಅಚ್ಚಿನ ಪುಟವೇ ಆಧಾರವಾಗಿ ಉಳಿಯಿತು.

ಪ್ರಕಟವಾಗದ ಕಾನೂನು ಕಾನೂನಲ್ಲ

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1951ರಲ್ಲಿ ‘ಹರ್ಲಾ ವಿರುದ್ಧ ರಾಜಸ್ಥಾನ ರಾಜ್ಯ’ ಪ್ರಕರಣದಲ್ಲಿ ನೀಡಿದ ತೀರ್ಪು ಮಹತ್ವದ್ದು. ಜಯಪುರ ಸಂಸ್ಥಾನದ ಮಂತ್ರಿಮಂಡಲವು 1923ರಲ್ಲಿ ಅಫೀಮಿಗೆ ಸಂಬಂಧಿಸಿದ ಕಾನೂನೊಂದನ್ನು ನಿರ್ಣಯದ ಮೂಲಕ ಅಂಗೀಕರಿಸಿತ್ತು. ಆದರೆ ಅದನ್ನು ಗೆಜೆಟ್ಟಿನಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಪ್ರಕಟಿಸಿರಲಿಲ್ಲ. ಅದರಡಿ ಶಿಕ್ಷೆಗೊಳಗಾದ ವ್ಯಕ್ತಿಯ ಮೇಲ್ಮನವಿಯಲ್ಲಿ, ಜನರಿಗೆ ತಿಳಿಯುವ ಯಾವ ಮಾರ್ಗವೂ ಇಲ್ಲದ ಕಾನೂನಿನಿಂದ ಅವರನ್ನು ದಂಡಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಾಲಯ ತೀರ್ಮಾನಿಸಿ ಶಿಕ್ಷೆಯನ್ನು ರದ್ದುಪಡಿಸಿತು.

ಪ್ರಕಟಣೆಯ ಮಾರ್ಗಗಳು ಕಾಲಕ್ಕೆ ತಕ್ಕಂತೆ ಬದಲಾದುದಕ್ಕೆ ಭೂಸ್ವಾಧೀನ ಕಾನೂನಿಗಿಂತ ಉತ್ತಮ ಉದಾಹರಣೆ ದೊರೆಯದು. 1894ರ ಭೂಸ್ವಾಧೀನ ಅಧಿನಿಯಮವು ಆರಂಭದಲ್ಲಿ ಗೆಜೆಟ್ ಪ್ರಕಟಣೆ ಮತ್ತು ಸ್ಥಳೀಯ ಸಾರ್ವಜನಿಕ ಸೂಚನೆಯನ್ನು ಮಾತ್ರ ವಿಧಿಸಿತ್ತು. 1984ರ ತಿದ್ದುಪಡಿಯಿಂದ, ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ, ಅವುಗಳ ಪೈಕಿ ಕನಿಷ್ಠ ಒಂದು ಪ್ರಾದೇಶಿಕ ಭಾಷೆಯದಾಗಿರುವಂತೆ, ಅಧಿಸೂಚನೆಯನ್ನು ಪ್ರಕಟಿಸುವುದು ಕಡ್ಡಾಯವಾಯಿತು. ಅದರ ಬದಲಿಗೆ ಬಂದ, 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಅಧಿನಿಯಮದ 11ನೇ ಪ್ರಕರಣವು ಇವೆಲ್ಲವನ್ನೂ ಉಳಿಸಿಕೊಂಡು, ಸರ್ಕಾರದ ಜಾಲತಾಣದಲ್ಲಿಯೂ ಅಧಿಸೂಚನೆಯನ್ನು ಹಾಕಬೇಕೆಂದು ಸೇರಿಸಿತು. ಪಂಚಾಯತಿ ಅಥವಾ ಪುರಸಭೆಯಲ್ಲಿ ಹಾಗೂ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮತ್ತು ತಹಶೀಲ್ದಾರರ ಕಚೇರಿಗಳಲ್ಲಿ ಸ್ಥಳೀಯ ಭಾಷೆಯಲ್ಲಿ ಪ್ರಕಟಿಸುವುದೂ ಅಗತ್ಯ. ಹೊಸ ಮಾಧ್ಯಮ ಬಂದಾಗ ಹಳೆಯದನ್ನು ಕೈಬಿಡದೆ, ಅದರ ಮೇಲೆ ಇನ್ನೊಂದನ್ನು ಸೇರಿಸುತ್ತ ಹೋದುದು ಇಲ್ಲಿ ಕಾಣುತ್ತದೆ. ಜಾಲತಾಣ ನೋಡುವ ಸೌಲಭ್ಯವಿಲ್ಲದ ಖಾತೆದಾರರ ಹಿತದೃಷ್ಟಿಯಿಂದ ಇದು ಸರಿಯಾದ ಕ್ರಮವೇ ಆಗಿದೆ.

ಈ ಅಧಿನಿಯಮದ ಪ್ರಕಾರ, ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ದಿನಾಂಕದಿಂದ 60 ದಿನಗಳೊಳಗೆ ಆಸಕ್ತ ವ್ಯಕ್ತಿಗಳು ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಬಹುದು. ಹಿಂದಿನ ಅಧಿನಿಯಮದಲ್ಲಿ ಈ ಅವಧಿ 30 ದಿನಗಳಾಗಿತ್ತು. ಬೇರೆ ಕಾನೂನುಗಳಡಿ ನಡೆಯುವ ಸ್ವಾಧೀನಗಳಿಗೆ ಅವಧಿ ಮತ್ತು ವಿಧಾನ ಬೇರೆಯಾಗಿರುವ ಸಾಧ್ಯತೆ ಇರುವುದರಿಂದ, ಅಧಿಸೂಚನೆಯ ಶಿರೋಭಾಗದಲ್ಲಿ ನಮೂದಿಸಿರುವ ಅಧಿನಿಯಮದ ಹೆಸರನ್ನು ಮೊದಲು ಓದತಕ್ಕದ್ದು.

ವಿದ್ಯುನ್ಮಾನ ರಾಜ್ಯಪತ್ರ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಿಂದ. ಐದು ವರ್ಷಗಳ ನಂತರ ಬಂದ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 8ನೇ ಪ್ರಕರಣವು ವಿದ್ಯುನ್ಮಾನ ಗೆಜೆಟ್ಟಿನಲ್ಲಿನ ಪ್ರಕಟಣೆಗೆ ಮುದ್ರಿತ ಗೆಜೆಟ್ಟಿನಷ್ಟೇ ಮಾನ್ಯತೆ ನೀಡಿತು. ಎರಡರಲ್ಲಿ ಯಾವುದು ಮೊದಲು ಹೊರಬಂದಿತೋ ಅದರ ದಿನಾಂಕವೇ ಪ್ರಕಟಣೆಯ ದಿನಾಂಕ. ಕೇಂದ್ರ ಸರ್ಕಾರವು 2015ರ ಅಕ್ಟೋಬರ್ 1ರಿಂದ ಭಾರತದ ಗೆಜೆಟ್ಟಿನ ಕಾಗದದ ಮುದ್ರಣವನ್ನೇ ನಿಲ್ಲಿಸಿ ವಿದ್ಯುನ್ಮಾನ ಪ್ರಕಟಣೆಯನ್ನು ಮಾತ್ರ ಮುಂದುವರಿಸಿತು.

ಈ ಬದಲಾವಣೆ ಎಷ್ಟು ದೂರ ಹೋಗಬಲ್ಲದೆಂಬುದು 2019ರ ಫೆಬ್ರವರಿ 16ರಂದು ಸ್ಪಷ್ಟವಾಯಿತು. ಅಂದು ಕೇಂದ್ರ ಸರ್ಕಾರವು ಪಾಕಿಸ್ತಾನದಿಂದ ಬರುವ ಸರಕುಗಳ ಮೇಲೆ ಶೇಕಡ 200ರಷ್ಟು ಆಮದು ಸುಂಕ ವಿಧಿಸುವ ಅಧಿಸೂಚನೆಯನ್ನು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ ಇ-ಗೆಜೆಟ್ಟಿನಲ್ಲಿ ಪ್ರಕಟಿಸಿತು. ಅದೇ ದಿನ ಅದಕ್ಕಿಂತ ಮುಂಚಿತವಾಗಿ ಅಟ್ಟಾರಿ ಗಡಿಯ ಸುಂಕದ ಕಟ್ಟೆಯಲ್ಲಿ ದಾಖಲೆ ಸಲ್ಲಿಸಿದ್ದ ಆಮದುದಾರರಿಂದಲೂ ಹೊಸ ದರವನ್ನು ಕೇಳಲಾಯಿತು. ಮುದ್ರಿತ ಗೆಜೆಟ್ಟಿನ ಕಾಲದಲ್ಲಿ ದಿನಾಂಕಕ್ಕಿಂತ ಸೂಕ್ಷ್ಮವಾದ ಲೆಕ್ಕ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2020ರ ಸೆಪ್ಟೆಂಬರಿನಲ್ಲಿ, ವಿದ್ಯುನ್ಮಾನ ಪ್ರಕಟಣೆಯಲ್ಲಿ ನಿಖರವಾದ ಸಮಯ ದಾಖಲಾಗಿರುವುದರಿಂದ ಆ ಸಮಯಕ್ಕೆ ಮುಂಚಿನ ವ್ಯವಹಾರಕ್ಕೆ ಹೊಸ ದರ ಅನ್ವಯಿಸದೆಂದು ತೀರ್ಪು ನೀಡಿತು.

ನಾಗರಿಕರ ಪಾಲಿಗೆ ಇದರ ಇನ್ನೊಂದು ಮುಖವನ್ನೂ ಹೇಳಬೇಕಾಗುತ್ತದೆ. ದಿನಪತ್ರಿಕೆ ಬೆಳಗಿನ ಬಸ್ಸಿನಲ್ಲಿ ಊರಿಗೆ ಬರುತ್ತಿತ್ತು. ಚಹಾ ಅಂಗಡಿಯಲ್ಲಿ ಯಾರೋ ಒಬ್ಬರು ಓದಿ, ಸರ್ವೆ ನಂಬರು ಕಂಡು, ಸಂಬಂಧಪಟ್ಟವರಿಗೆ ಹೇಳುತ್ತಿದ್ದರು. ಜಾಲತಾಣದಲ್ಲಿ ಹಾಕಿದ ಅಧಿಸೂಚನೆ ತಾನಾಗಿ ಊರಿಗೆ ಬರುವುದಿಲ್ಲ. ಅದನ್ನು ಹುಡುಕಿಕೊಂಡು ಹೋಗಬೇಕು. ಹುಡುಕುವ ಹೊಣೆ ಕಚೇರಿಯಿಂದ ಓದುಗರ ಮೇಲೆ ಬಿದ್ದಿರುವುದು ಈ ತಂತ್ರಜ್ಞಾನ ತಂದ ಅತ್ಯಂತ ದೊಡ್ಡ, ಆದರೆ ಅಷ್ಟಾಗಿ ಚರ್ಚೆಗೆ ಬಾರದ ಬದಲಾವಣೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣದಲ್ಲಿ, ಸ್ವಯಂಪ್ರೇರಿತವಾಗಿ ಮಾಹಿತಿ ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಅತ್ಯಂತ ಪರಿಣಾಮಕಾರಿಯಾದ ವಿಧಾನವನ್ನೂ ಗಮನದಲ್ಲಿರಿಸಬೇಕೆಂದು ಹೇಳಿರುವುದು ಈ ಕೊರತೆಯನ್ನು ನೀಗುವ ಉದ್ದೇಶಕ್ಕೆ ಒದಗುತ್ತದೆ.

ಕನ್ನಡ ಅಕ್ಷರಗಳ ಸಮಸ್ಯೆ

ಹುಡುಕುವ ಕೆಲಸಕ್ಕೆ ಕನ್ನಡದಲ್ಲಿ ಮತ್ತೊಂದು ಅಡಚಣೆ ಇತ್ತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ ಹಾಗೂ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶಗಳಿಂದ ಗಣಕಯಂತ್ರದಲ್ಲಿ ಕನ್ನಡ ಬರೆಯುವುದು ಸುಲಭವಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕಚೇರಿಗಳಲ್ಲಿ ಬಳಕೆಗೆ ಬಂದಿತು. ಆದರೆ ಆ ದಿನಗಳ ಕನ್ನಡ ಕಡತಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ, ಒಳಗೆ ದಾಖಲಾಗುತ್ತಿದ್ದುದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಪುಟವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತಿತ್ತು. ಶೋಧ ಯಂತ್ರಗಳಿಗೆ ಅದು ಕನ್ನಡವೆಂದೇ ತಿಳಿಯುತ್ತಿರಲಿಲ್ಲ. ಪ್ರಕಟಣೆ ಜಾಲತಾಣದಲ್ಲಿ ಇದ್ದೂ ಇಲ್ಲದಂತಾಗುತ್ತಿತ್ತು.

ಪ್ರಪಂಚದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಕೇತಗಳನ್ನು ನಿಗದಿಪಡಿಸುವ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಯೂನಿಕೋಡ್ ಅಕ್ಷರಶೈಲಿ ಲಭ್ಯವಾಯಿತು. ಇಂದು ಸಂಚಾರಿ ದೂರವಾಣಿಯಲ್ಲಿಯೂ ಕನ್ನಡದಲ್ಲಿ ಹುಡುಕಬಹುದಾಗಿದೆ. ಆದರೂ ಹಳೆಯ ಅಕ್ಷರಶೈಲಿಯ ಕಡತಗಳಲ್ಲಿ ಮತ್ತು ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರರೂಪದಲ್ಲಿ ಹಾಕಿದ ಆದೇಶಗಳಲ್ಲಿ ಪದ ಹುಡುಕಿದರೆ ಫಲಿತಾಂಶ ಬಾರದಿರಬಹುದು. ಊರಿನ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುವ ರೂಢಿಯೂ ಇದೆ. ಆದ್ದರಿಂದ ‘ದೊರೆಯಲಿಲ್ಲ’ ಎಂಬ ಉತ್ತರವನ್ನು ‘ಪ್ರಕಟವಾಗಿಲ್ಲ’ ಎಂದು ಭಾವಿಸತಕ್ಕದ್ದಲ್ಲ. ಸಂಬಂಧಪಟ್ಟ ಅವಧಿಯ ರಾಜ್ಯಪತ್ರಗಳನ್ನು ದಿನಾಂಕವಾರು ತೆರೆದು ನೋಡುವುದು ಸುರಕ್ಷಿತ. ವಾರದ ರಾಜ್ಯಪತ್ರವಲ್ಲದೆ ವಿಶೇಷ ರಾಜ್ಯಪತ್ರಿಕೆಗಳೂ ಹೊರಡುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಎಲ್ಲರೂ ಪ್ರಕಾಶಕರಾದಾಗ

ಮುದ್ರಣಾಲಯ ಅಥವಾ ಪ್ರಸಾರ ಕೇಂದ್ರ ಹೊಂದಿದವರಿಗೆ ಮಾತ್ರ ಸಾಧ್ಯವಿದ್ದ ಪ್ರಕಟಣೆ, ಸಂಚಾರಿ ದೂರವಾಣಿಯಿಂದ ಎಲ್ಲರಿಗೂ ಸಾಧ್ಯವಾಯಿತು. ಇದರಿಂದಾದ ಅನುಕೂಲಗಳು ಎಲ್ಲರಿಗೂ ತಿಳಿದವೇ. ಪತ್ರಿಕೆಯಲ್ಲಿ ಸಂಪಾದಕರು, ಪ್ರಕಾಶಕರು ಮತ್ತು ಮುದ್ರಕರ ಹೆಸರು ಅಚ್ಚಾಗಿರುತ್ತದೆ. ಕೈಯಿಂದ ಕೈಗೆ ಸಾಗುವ ಸಂದೇಶದಲ್ಲಿ ಹೊಣೆಗಾರರ ಹೆಸರೇ ಇರುವುದಿಲ್ಲ. 2012ರ ಆಗಸ್ಟಿನಲ್ಲಿ ವದಂತಿಗಳಿಂದ ಭೀತರಾದ ಈಶಾನ್ಯ ರಾಜ್ಯಗಳ ಸಹಸ್ರಾರು ಜನರು ರೈಲುಗಳಲ್ಲಿ ಬೆಂಗಳೂರನ್ನು ತೊರೆದರು. ಆಗ ಕೇಂದ್ರ ಸರ್ಕಾರವು ಸಗಟು ಎಸ್‌ಎಂಎಸ್‌ಗಳಿಗೆ ತಾತ್ಕಾಲಿಕ ಮಿತಿ ಹೇರಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪಿನ ಹಲ್ಲೆಯಿಂದ ಹೈದರಾಬಾದಿನ ಯುವಕರೊಬ್ಬರು ಮೃತಪಟ್ಟರು. ಅದೇ ತಿಂಗಳಿನಲ್ಲಿ ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐವರಿಗಿಂತ ಹೆಚ್ಚು ಜನರಿಗೆ ಅಥವಾ ಗುಂಪುಗಳಿಗೆ ಕಳುಹಿಸದಂತೆ ಮಿತಿ ಹಾಕುವ ಕ್ರಮವನ್ನು ಪ್ರಕಟಿಸಿತು.

ಸರ್ಕಾರಿ ಯೋಜನೆ, ನೇಮಕಾತಿ ಅಥವಾ ಅರ್ಜಿಯ ಕೊನೆಯ ದಿನಾಂಕದ ಬಗ್ಗೆ ಇಂತಹ ಸಂದೇಶ ಬಂದಾಗ, ಅದರಲ್ಲಿ ಆದೇಶ ಸಂಖ್ಯೆ, ದಿನಾಂಕ ಮತ್ತು ಹೊರಡಿಸಿದ ಪ್ರಾಧಿಕಾರದ ಹೆಸರು ಇದೆಯೇ ಎಂದು ನೋಡಬೇಕು. ಇವು ಇದ್ದ ಮಾತ್ರಕ್ಕೆ ಸಂದೇಶ ನಿಜವೆಂದಲ್ಲ. ಅದೇ ಸಂಖ್ಯೆಯ ಆದೇಶ ಇಲಾಖೆಯ ಜಾಲತಾಣದಲ್ಲಿ ಅಥವಾ ಕಚೇರಿಯ ಸೂಚನಾ ಫಲಕದಲ್ಲಿ ಇದೆಯೇ ಎಂದು ತಾಳೆ ನೋಡಿಯೇ ಶುಲ್ಕ ಪಾವತಿಸತಕ್ಕದ್ದು.

ತಪ್ಪು ವರದಿಯ ವಿರುದ್ಧ ದೂರು

ಪತ್ರಿಕೆಯಲ್ಲಿನ ವರದಿಯ ಬಗ್ಗೆ ಮೊದಲು ಸಂಪಾದಕರಿಗೆ ಬರೆದು, ಉತ್ತರ ತೃಪ್ತಿಕರವಾಗಿಲ್ಲದಿದ್ದಲ್ಲಿ 1978ರ ಅಧಿನಿಯಮದಡಿ ರಚಿತವಾದ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ನೀಡಬೇಕಾಗುತ್ತದೆ. ದೂರದರ್ಶನ ವಾಹಿನಿಗಳು ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಖಾಸಗಿ ವಾಹಿನಿಯ ಕಾರ್ಯಕ್ರಮದ ಬಗ್ಗೆ, 2021ರಲ್ಲಿ ತಿದ್ದುಪಡಿಯಾದ ಕೇಬಲ್ ದೂರದರ್ಶನ ಜಾಲ ನಿಯಮಗಳ ಪ್ರಕಾರ ಮೊದಲು ಆ ವಾಹಿನಿಗೇ ದೂರು ಸಲ್ಲಿಸಬೇಕು.

ಪ್ರಕಟಣೆಯ ಪ್ರತಿಯನ್ನು ಕಾಪಾಡಿಕೊಳ್ಳುವ ಬಗೆ

ಅಚ್ಚಾದ ಪುಟ ಬದಲಾಗುವುದಿಲ್ಲ. ಜಾಲತಾಣದ ಪುಟವನ್ನು ಪರಿಷ್ಕರಿಸಬಹುದು, ತೆಗೆದುಹಾಕಲೂಬಹುದು. ಹೀಗಾಗಿ ದಿನಪತ್ರಿಕೆಯ ಪ್ರಕಟಣೆಯಾದರೆ ತುಣುಕನ್ನಷ್ಟೇ ಕತ್ತರಿಸದೆ, ಪತ್ರಿಕೆಯ ಹೆಸರು, ದಿನಾಂಕ ಮತ್ತು ಆವೃತ್ತಿ ಕಾಣುವಂತೆ ಇಡೀ ಪುಟವನ್ನು ಇಟ್ಟುಕೊಳ್ಳಬೇಕು. ಜಾಲತಾಣದ ಪ್ರಕಟಣೆಯಾದರೆ ಮೂಲ ಕಡತವನ್ನೇ ಉಳಿಸಿಕೊಂಡು, ಪುಟದ ವಿಳಾಸವನ್ನೂ ತೆಗೆದುಕೊಂಡ ದಿನಾಂಕವನ್ನೂ ಬರೆದಿಡಬೇಕು. ಅಂತಹ ಮುದ್ರಿತ ಪ್ರತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಂತೆ ಪ್ರಮಾಣಪತ್ರದ ಅಗತ್ಯವಿರುತ್ತದೆ.

ದೃಢೀಕೃತ ಪ್ರತಿ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮದಡಿ ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶವಿದೆ. ಆಕ್ಷೇಪಣೆಯ ಅವಧಿ ಮಾತ್ರ ಈ ಅರ್ಜಿಯ ಕಾರಣದಿಂದ ವಿಸ್ತರಣೆಯಾಗುವುದಿಲ್ಲ. ಪ್ರತಿ ಕೈಸೇರುವ ಮುನ್ನ ಅವಧಿ ಮುಗಿಯುವಂತಿದ್ದಲ್ಲಿ, ಲಭ್ಯವಿರುವ ವಿವರಗಳೊಂದಿಗೆ ಆಕ್ಷೇಪಣೆಯನ್ನು ಸಲ್ಲಿಸಿ, ದಿನಾಂಕವಿರುವ ಸ್ವೀಕೃತಿಯನ್ನು ಪಡೆದುಕೊಳ್ಳತಕ್ಕದ್ದು.